ಅಡುಗೆಮನೆ ಗೋಡೆಯ ಚೀಟಿ

ಹೊನ್ನವಳ್ಳಿ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಮ್ಮಾ,

ಅಪ್ಪನ ಜ್ವರ ಇವತ್ತು ಹೇಗಿದೆ? ನಿನ್ನ ಸೊಂಟ ನೋವು? ಆಸ್ಪತ್ರೆ ಬೆಂಚಿನ ಮೇಲೆ ಮಲಗಿ ಅದು ಜಾಸ್ತಿ ಆಗಿರುತ್ತೆ. ಈಗ ನಿನಗೂ ಒಂದೇ ಕಿಡ್ನಿ, ನೀರು ಕುಡಿ, ಪ್ಲೀಸ್. ಫಸ್ಟ್ ಸೆಮ್ ಇಂಟರ್ನಲ್ಸ್ ಬಿಟ್ಟು ಬಂದಿದ್ದಕ್ಕೆ ಬೈಬೇಡ. ನಾಳೆ ದಯಾನಂದ ಮಾವ ಬಟ್ಟೆ ಬ್ಯಾಗ್ ತರ್ತಾರೆ, ಈ ಕಾಗದ ನಿನ್ನ ಸ್ವೆಟರ್ ಒಳಗಿರುತ್ತೆ. ಫೋನಲ್ಲಿ ಹೇಳೋಕೆ ಮೂರು ಸಲ ಟ್ರೈ ಮಾಡಿದೆ, ಆಗಲಿಲ್ಲ.

ಅಪ್ಪನ ರಕ್ತದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆ ಅಂದ ದಿನದಿಂದ ಗೂಗಲ್ ಮಾಡ್ತಾನೇ ಇದ್ದೆ, ಈಗ ಬಿಟ್ಟಿದ್ದೀನಿ. ನಮಗಾಗಿದ್ದರೆ ನಾಲ್ಕು ದಿನ ಭೇದಿ ಆಗಿ ಹೋಗ್ತಿತ್ತೇನೋ. ನಿನ್ನ ಕಿಡ್ನಿ ಅಪ್ಪನ ಮೈಗೆ ಒಗ್ಗಲಿ ಅಂತ ಕೊಡೋ ಮಾತ್ರೆಗಳೇ ರೋಗ ತಡೆಯೋ ಶಕ್ತೀನ ಕಮ್ಮಿ ಮಾಡಿಬಿಡುತ್ತಂತೆ. ಡ್ರಿಪ್ ಔಷಧಿಗೆ ಸೋಂಕು ಬಗ್ತಾ ಇದೆ, ಕ್ರಿಯಾಟಿನಿನ್ ಏರಿಲ್ಲ, ಕಿಡ್ನಿಗೆ ಏನೂ ಆಗಿಲ್ಲ ಅಂತ ಮಾವ ಹೇಳಿದ ಮೇಲೆ ನನಗೆ ಊಟ ಸೇರಿತು.

ಅಜ್ಜಿ ಮಾತ್ರ ಅಡುಗೆಮನೆ ಹೊಸ್ತಿಲು ದಾಟ್ತಿಲ್ಲ. "ಗೋಡೆ ಮೇಲೆ ಅಷ್ಟು ದೊಡ್ಡ ಚೀಟಿ ಇದ್ರೂ ನಿಮ್ಮ ಕೈಯಾರೆ ಕೊಬ್ಬರಿ ಕೊಟ್ರಲ್ಲ, ಅತ್ತೆ" ಅಂತ ನೀನು ಫೋನಲ್ಲಿ ಅಂದೆಯಲ್ಲ, ಅವತ್ತಿಂದ. ಅಡುಗೆ ನಂದೇ. ಪಕ್ಕದ ಮನೆ ಪುಟ್ಟಗಂಗಮ್ಮ ಬಂದು ನೋಡಿ, "ಇದು ಮುದ್ದೆಯೇನೇ, ಗೋಡೆಗೆ ಮೆತ್ತೋ ಮಣ್ಣೇನೇ, ಹಾಸ್ಟೆಲ್ ಹುಡುಗಿ" ಅಂದ್ರು. ಅಜ್ಜಿ ಅದಕ್ಕೂ ನಗಲಿಲ್ಲ.

ಅಂಗಳದಲ್ಲಿ ಹರಡಿದ್ದ ಕೊಬ್ಬರಿ ಮೇಲೆ ಗೊರವಂಕ, ಹಲ್ಲಿ ಎಲ್ಲಾ ಓಡಾಡಿರುತ್ತೆ. ಅದನ್ನೇ ತುರಿದು ಬೆಲ್ಲದ ಜೊತೆ ಅಪ್ಪನಿಗೆ ಕೊಟ್ಟಿದ್ದು ನಿಜ. ಅದರಿಂದಲೇ ಬಂತು ಅಂತ ಡಾಕ್ಟರೂ ಗ್ಯಾರಂಟಿ ಕೊಟ್ಟಿಲ್ಲ, ಇರಬಹುದು ಅಂದರು ಅಷ್ಟೆ. ಆದರೆ ಅಮ್ಮಾ, ಆಪರೇಷನ್ ಆದಾಗಿಂದ ಏಳು ತಿಂಗಳು ಅಜ್ಜಿ ಆ ಚೀಟೀನ ಎಷ್ಟು ಪಾಲಿಸಿದ್ದಾರೆ ಗೊತ್ತಲ್ಲ? ಹಸಿಕಾಯಿ ಚಟ್ನಿ ನಿಂತೇಹೋಯ್ತು. ಕುದಿಯೋ ಸಾರಿಗೂ ಹಸಿಮೆಣಸಿನಕಾಯಿ ಹಾಕಲಿಲ್ಲ, ಒಣಮೆಣಸಿನಕಾಯೇ. ಹಸಿಶುಂಠಿ ಬದಲು ಒಣಶುಂಠಿ. "ಇದೆಂಥ ಪಥ್ಯ" ಅಂತ ನೀನು ರೇಗಿದ್ದೆ, ನಾನು ಹಾಸ್ಟೆಲ್‌ನಲ್ಲಿ ಕೂತು ನಕ್ಕಿದ್ದೆ.

ಅಪ್ಪನ ಹಣೆಗೆ ನನ್ನ ಪರವಾಗಿ ವಿಭೂತಿ ಇಡು. ಆಸ್ಪತ್ರೆಯವರು ಪರ್ಮಿಶನ್ ಕೊಡದಿದ್ದರೆ ಸುಮ್ಮನೆ ಕೈ ಇಡು, ತೊಳಕೊಂಡು.

ನಿನ್ನ
ಇಂಪನಾ

ಮರೆತಿದ್ದಲ್ಲ, ಬರೆಯೋಕೆ ಭಯ ಆಗಿತ್ತು: ಡಿಸ್ಚಾರ್ಜ್ ದಿನ ಕೊಟ್ಟ ಇಂಗ್ಲಿಷ್ ಶೀಟಲ್ಲಿ "ನಥಿಂಗ್ ರಾ" ಅಂತಿತ್ತು. ಅದನ್ನ "ಹಸಿ ಯಾವುದೂ ಕೊಡಬಾರದು" ಅಂತ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದವಳು ನಾನು. ಬೇಯಿಸದೆ ಇರೋದು ಅಂತ ಬರೀಬೇಕಿತ್ತು. ತೆಂಗಿನ ಸೀಮೇಲಿ ಹಸಿ ಅಂದರೆ ಒಣಗದೆ ಇರೋದು ಅಂತ ನನಗೆ ಹೊಳೀಲೇ ಇಲ್ಲ. ಅಜ್ಜಿ ಅಕ್ಷರ ಕೂಡಿಸಿ ಓದಿ, ಚೆನ್ನಾಗಿ ಒಣಗಿದ್ದನ್ನೇ ಹುಡುಕಿ ಕೊಟ್ಟಿದ್ದಾರೆ. ನಿನ್ನೆ ಅವರಿಗೆ ಹೇಳಿದೆ. "ಬುಡು ಕಣೇ, ನಿಮ್ಮಮ್ಮಂಗೆ ಹೇಳಬ್ಯಾಡ. ನೀನು ಓದೋ ಹುಡುಗಿ. ನನ್ನ ಮ್ಯಾಲೇ ಇರ್ಲಿ" ಅಂದ್ರು. ಅವರಿಗೆ ಗೊತ್ತಾಗದ ಹಾಗೆ ಇದನ್ನ ಬರೀತಿದ್ದೀನಿ. ಮೊದಲು ಅಜ್ಜಿಗೆ ಫೋನ್ ಮಾಡು. ನನ್ನನ್ನ ಆಮೇಲೆ ಬೈಯುವೆಯಂತೆ.