ಗೂಡು ಕಟ್ಟದ ಗೆರೆ

ನವೆಂಬರ್ ೬, ಬುಧವಾರ

ಮನೆಯವರಿಗೆ,

ನಮಸ್ಕಾರಗಳು. ಮನೆ ಬಿಟ್ಟು ಹೋಗಿ ಕೂತವರನ್ನು ಮನೆಯವರು ಎಂದು ಕರೆಯುವಾಗ ನನಗೇ ನಗು ಬರುತ್ತದೆ. ಏನು ಮಾಡಲಿ, ಮದುವೆಯಾದಾಗಿನಿಂದ ಹಾಗೇ ಕರೆದ ನಾಲಿಗೆ, ಈ ವಯಸ್ಸಿಗೆ ಹೊಸದು ಕಲಿಯುವುದಿಲ್ಲ. ಪತ್ರ ತಡವಾಯಿತು, ಕ್ಷಮಿಸಿ. ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಹರಿದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ಮಗನ ಮಾತು ಬಂತೆಂದರೆ ನೀವು "ಸರಿ, ಇಲ್ಲಿ ಮೋಟಾರ್ ಬಿಸಿ ಆಗ್ತಿದೆ, ಇಡ್ತೀನಿ" ಎಂದು ಇಟ್ಟುಬಿಡುತ್ತೀರಿ. ನಿಮ್ಮ ಪಂಪ್‌ಹೌಸಿನ ಮೋಟಾರು ಸರಿಯಾಗಿ ಅದೇ ಹೊತ್ತಿಗೆ ಬಿಸಿಯಾಗುವುದು ನನಗೂ ಅಭ್ಯಾಸವಾಗಿದೆ. ಪತ್ರವನ್ನಾದರೆ ಅರ್ಧಕ್ಕೆ ಕತ್ತರಿಸಲಾಗುವುದಿಲ್ಲ, ಮಡಿಚಿಟ್ಟರೂ ಮತ್ತೆ ತೆಗೆದು ಓದುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಅತ್ತೆ ಚೆನ್ನಾಗಿದ್ದಾರೆ. ಕಿವಿ ಮೊದಲಿಗಿಂತ ಮಂದ, ಬಾಯಿ ಮೊದಲಿಗಿಂತ ಚುರುಕು. ಸ್ನಾನದಮನೆಯ ನಲ್ಲಿ ಸೋರುತ್ತಿತ್ತು, ನಾನೇ ವಾಷರ್ ಹಾಕಿದೆ. ಊರಿನ ಪಂಪೆಲ್ಲ ನೋಡಿಕೊಳ್ಳುವವರ ಮನೆಯ ನಲ್ಲಿಯನ್ನು ಹೆಂಡತಿ ರಿಪೇರಿ ಮಾಡಬೇಕು, ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಮಗನ ಜಿಪಿಎಸ್ ಸಿಕ್ಕಿದೆ.

ಹೋದ ವರ್ಷ ಮಂಜಿನಲ್ಲಿ ಕಳೆದುಹೋದ ಆ ಚಾರಣಿಗನನ್ನು ಹುಡುಕಲು ಹೊರಟಾಗ ಅವನ ಕೈಯಲ್ಲಿದ್ದದ್ದು. ಮಗ ಕಮರಿಯಲ್ಲಿ ಸಿಕ್ಕ, ಅದು ಸಿಕ್ಕಿರಲಿಲ್ಲ. ಈ ಸಲ ತೊರೆ ಇಳಿದ ಮೇಲೆ ಕುರಿ ಕಾಯುವವನೊಬ್ಬ ಕಲ್ಲುಗಳ ಸಂದಿಯಿಂದ ಹೆಕ್ಕಿ ತಂದು ರಕ್ಷಣಾ ತಂಡದ ಕಚೇರಿಗೆ ಕೊಟ್ಟ. ತಂಡದ ಮುಖ್ಯಸ್ಥರು ನಮ್ಮ ರಿಪೇರಿ ಕೋಣೆಯ ಬಾಗಿಲಲ್ಲಿ ನಿಂತು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. "ನೋಡಿ, ಬೇಕಾದ್ರೆ ಇದನ್ನ ಬೇರೆಯವರ ಕೈಗೆ ಕೊಡೋಣ. ಬೇಡ ಅಂದ್ರೂ ಸರಿ. ಹೊಸ ಹುಡುಗಿ ಒಬ್ಬಳು ಸೇರಿದಾಳೆ, ಅವಳಿಗೆ ಸಾಧನ ಇಲ್ಲ. ಆದ್ರೆ ನಿಮಗೆ ಹೇಗೋ..." ಎಂದರು. ತಂಡದ ಸಾಧನಗಳನ್ನೆಲ್ಲ ನೋಡಿಕೊಳ್ಳುವವಳು ನಾನು, ಇದನ್ನು ಬೇರೆಯವರು ಮುಟ್ಟುವುದೆಂದರೇನು? "ಇಲ್ಲಿ ಕೊಡಿ" ಎಂದು ಕಿತ್ತುಕೊಂಡೆ. ಮಗುವನ್ನು ಕಿತ್ತುಕೊಂಡ ಹಾಗೇ ಕಿತ್ತುಕೊಂಡಿರಬೇಕು, ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಬಿಚ್ಚಿ ನೋಡಿದೆ. ಬ್ಯಾಟರಿ ಒಡೆದು ಕಾರಿಕೊಂಡು ತಾಮ್ರದ ಪಟ್ಟಿಗಳ ಮೇಲೆಲ್ಲ ಹಸಿರು ಗಟ್ಟಿಕಟ್ಟಿತ್ತು. ಮಲಗಿಸಿಡುವ ಸಾಧನದೊಳಗೆ ಬ್ಯಾಟರಿ ಬಿಡಬೇಡಿ ಎಂದು ತಂಡದವರಿಗೆ ಬಾಯಿ ಸವೆಯುವ ಹಾಗೆ ಹೇಳುವವಳು ನಾನು, ಇದರೊಳಗಿಂದ ಯಾರು ತೆಗೆಯಬೇಕಿತ್ತು? ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಹಸಿರನ್ನು ಕರಗಿಸಿ, ಸ್ಪಿರಿಟ್‌ನಿಂದ ಒರೆಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಗಳನ್ನು ಹೊಳೆಯುವ ತನಕ ಉಜ್ಜಿದೆ. ಎತ್ತರ ಅಳೆಯಲು ಗಾಳಿ ಹೋಗುವ ಸಣ್ಣ ತೂತಿನಲ್ಲಿ ಮಣ್ಣು ಕೂತಿತ್ತು, ಬ್ರಷ್ಷಿನ ಒಂದೇ ಎಳೆಯಿಂದ ಬಿಡಿಸಿದೆ. ನೀರು ತಡೆಯುವ ರಬ್ಬರ್ ಸುತ್ತು ಎಲ್ಲೂ ಸೀಳಿರಲಿಲ್ಲ. ತಿಂಗಳಿಗೊಮ್ಮೆ ಅದಕ್ಕೆ ಗ್ರೀಸ್ ಸವರಿಕೊಡುತ್ತಿದ್ದವಳು ನಾನೇ. ಒಳಗೆ ಒಂದು ಹನಿ ನೀರಿರಲಿಲ್ಲ. ಸಾಧನವನ್ನು ಒದ್ದೆಯಾಗದಂತೆ ಕಾಪಾಡಿದೆ ನೋಡಿ, ಎಂಥ ಜಾಣೆ.

ಹೊಸ ಬ್ಯಾಟರಿ ಹಾಕಿದೆ, ಎದ್ದಿತು. ಎದ್ದ ಕೂಡಲೇ ತಾನು ಕಮರಿಯಲ್ಲಿದ್ದೇನೆ ಎಂದು ತೋರಿಸಿತು. ಇದರಲ್ಲಿ ವಿಚಿತ್ರವೇನಿಲ್ಲ. ಬಹಳ ಕಾಲ ಮಲಗಿದ್ದ ಜಿಪಿಎಸ್ ಎಚ್ಚರವಾದಾಗ ಮಲಗಿದ ಜಾಗದಲ್ಲೇ ಇದ್ದೇನೆ ಎಂದುಕೊಳ್ಳುತ್ತದೆ. ಅದನ್ನು ಬಯಲಿಗೆ ಒಯ್ದು, ಅಲುಗಾಡಿಸದೆ ಇಟ್ಟು ಕಾಯಬೇಕು. ಒಂದೊಂದೇ ಉಪಗ್ರಹವನ್ನು ಹುಡುಕಿಕೊಂಡು ನಿಧಾನವಾಗಿ ತನ್ನ ಜಾಗ ಕಂಡುಕೊಳ್ಳುತ್ತದೆ. ಕಚೇರಿಯ ಅಂಗಳದ ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ಕಮರಿಯಲ್ಲಿದ್ದ ಬಾಣದ ಗುರುತು ಒಮ್ಮೆಲೇ ನಮ್ಮ ಅಂಗಳಕ್ಕೆ ಹಾರಿ ಬಂತು. ನಾನು ಅತ್ತುಬಿಟ್ಟೆ. ಹೆಣ ತಂದ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ, ನಿಮಗೆ ಹಿಂದೆ ಹೇಳಿದ್ದೆ, ನೀವು ಕೇಳಿಸಿಕೊಂಡಿರಲಿಕ್ಕಿಲ್ಲ. ರಿಪೇರಿಯಾದ ಸಾಧನವನ್ನು ತಕ್ಷಣ ಯಾರಿಗೂ ಕೊಡುವುದಿಲ್ಲ. ನಡೆದ ದಾರಿಯನ್ನು ಗೆರೆಯಾಗಿ ಬರೆಯುವಂತೆ ಹಚ್ಚಿ, ಒಂದಿಡೀ ದಿನ ಕಿಟಕಿಕಟ್ಟೆಯ ಮೇಲೆ ಸುಮ್ಮನೆ ಇಡುತ್ತೇವೆ. ಸುಮ್ಮನಿದ್ದರೂ ಅದು ಅಷ್ಟಿಷ್ಟು ತಡಕಾಡುತ್ತದೆ, ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಇಟ್ಟ ಹಾಗೆ ಗೆರೆ ಸುತ್ತಿಕೊಳ್ಳುತ್ತದೆ. ಸಂಜೆಗೆ ಪರದೆಯ ಮೇಲೆ ಹಕ್ಕಿಗೂಡಿನಂಥ ಸಣ್ಣ ಗಂಟು ಕಾಣಬೇಕು. ಗೂಡು ಕಟ್ಟಿದರೆ ಸಾಧನ ಸರಿ ಇದೆ ಎಂದರ್ಥ.

ಮಗನದು ಗೂಡು ಕಟ್ಟಲಿಲ್ಲ. ಸಂಜೆ ನೋಡಿದರೆ ಗೆರೆ ಕಿಟಕಿಯಿಂದ ಹೊರಟು, ಅಂಗಳ ದಾಟಿ, ಬೀದಿಗಿಳಿದು, ದೂರ ಹೋಗಿ ಮತ್ತೆ ಅದೇ ದಾರಿಯಲ್ಲಿ ವಾಪಸ್ಸು ಬಂದಿತ್ತು. ಸಾಧನ ಮಾತ್ರ ಇಟ್ಟಲ್ಲೇ ಇತ್ತು.

ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ಮೊದಲು ಎದುರು ಕಟ್ಟಡದ ತಗಡಿನ ಮಾಡನ್ನು ಬೈದೆ. ತಗಡಿಗೆ ಬಡಿದು ಬಂದ ಸಿಗ್ನಲ್ ಜಿಪಿಎಸ್ಸಿನ ದಾರಿ ತಪ್ಪಿಸುವುದು ಸಾಮಾನ್ಯ. ಹಿಂದಿನ ಕಿಟಕಿಗೆ ಬದಲಾಯಿಸಿದೆ. ಆಂಟೆನಾದ ಬೆಸುಗೆಯನ್ನು ಹೊಸದಾಗಿ ಹಾಕಿದೆ. ಅದೇ ಜಾಗದಲ್ಲಿ ಇನ್ನೊಂದು ಸಾಧನವನ್ನೂ ಇಟ್ಟೆ, ಅದು ಸಾಧು ಹಸುವಿನ ಹಾಗೆ ಗೂಡು ಕಟ್ಟಿ ಕೂತಿತು. ಮಗನದು ಮತ್ತೆ ಹೋಗಿ ಬಂತು. ನನ್ನ ಜೊತೆ ಕೆಲಸ ಮಾಡುವ ಕನ್ನಡಕದಣ್ಣ ಗೊತ್ತಲ್ಲ, ಎರಡು ಕನ್ನಡಕ ಒಂದರ ಮೇಲೊಂದು ಹಾಕುವವರು, ಅವರು ಗೆರೆಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಅಲ್ಲಮ್ಮಾ, ತಪ್ಪು ಸಿಗ್ನಲ್ ಆದ್ರೆ ಗೋಡೆ ಗೀಡೆ ನೋಡದೆ ಅಡ್ಡಡ್ಡ ಹೋಗತ್ತೆ. ಇದು ನೋಡು, ಟೈಲರ್ ಅಂಗಡಿ ಮೂಲೇಲಿ ತಿರುಗಿದೆ. ಚರಂಡಿ ಹತ್ರ ಬಳಸ್ಕೊಂಡು ಹೋಗಿದೆ."

"ಹಾಗಂದ್ರೆ?"

"ಹಾಗಂದ್ರೆ ಏನೂ ಇಲ್ಲ. ನಾನು ಟೀ ಕುಡಿದು ಬರ್ತೀನಿ" ಎಂದು ಎದ್ದು ಹೋದರು. ಅವರು ಟೀ ಬಿಟ್ಟು ಎಷ್ಟೋ ವರ್ಷವಾಗಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಮಾರನೇ ದಿನ ಅದನ್ನು ಬಿಸ್ಕತ್ತಿನ ತಗಡು ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿದೆ. ಡಬ್ಬಿಯೊಳಗೆ ಆಕಾಶವಿಲ್ಲ, ಒಂದು ಉಪಗ್ರಹವೂ ಕಾಣುವುದಿಲ್ಲ, ಗೆರೆ ಬೀಳಲೇಬಾರದು. ಸಂಜೆ ಮುಚ್ಚಳ ತೆಗೆದೆ. ಉಪಗ್ರಹಗಳ ಪುಟದಲ್ಲಿ ಎಲ್ಲ ಕಡ್ಡಿಗಳೂ ಖಾಲಿ. ಗೆರೆ ಮಾತ್ರ ಎಂದಿನಂತೆ ಟೈಲರ್ ಅಂಗಡಿಯ ಮೂಲೆ ತಿರುಗಿ ಹೋಗಿ ಬಂದಿತ್ತು. ಸೈಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿತ್ತು ಕೂಡ. ಅಲ್ಲಿ ಆ ಕುಂಟನಾಯಿ ಇದೆಯಲ್ಲ, ಅದನ್ನು ಮಾತಾಡಿಸದೆ ಅವನು ಎಂದಾದರೂ ಮುಂದೆ ಹೋದದ್ದುಂಟೇ?

ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕಿಂತ ಹೆಚ್ಚಾಗಿ ಆಸೆ ಹುಟ್ಟಿತು. ಕೆಲಸದ ಮೇಲೆ ಬಗ್ಗಿದವಳು ತಲೆಯೆತ್ತಿ ತಲೆಯೆತ್ತಿ ಕಿಟಕಿಯಾಚೆ ನೋಡುವ ಹಾಗಾಯಿತು. ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ಹೊತ್ತಿಗೆ ನಿಮಗೂ ತಿಳಿದಿರಬೇಕು. ನಮ್ಮ ಬೀದಿಗೆ, ನಮ್ಮ ಗೇಟಿಗೆ. ಆಮೇಲೆ ನಮ್ಮ ಮುಂಬಾಗಿಲಿಗೆ.

ಅತ್ತೆಗೆ ನಾನು ಇದೊಂದನ್ನೂ ಹೇಳಿರಲಿಲ್ಲ. ಹೋದ ವಾರ ಊಟಕ್ಕೆ ಕೂತಾಗ ಅವರೇ ಬೈದರು. "ದಿನಾ ಇಳಿಹೊತ್ತಲ್ಲಿ ಯಾರೋ ಬಾಗಿಲಿಗೆ ಬಂದು ನಿಲ್ತಾರೆ. ಕರೆದ್ರೆ ಮಾತಿಲ್ಲ. ನೀನು ಕೆಲಸ ಕೆಲಸ ಅಂತ ಹೋಗಿಬಿಡು, ನಾನು ಮಂಡಿ ಹಿಡ್ಕೊಂಡು ಏಳೋದು." ಯಾರಂತೆ ಎಂದು ಕೇಳಿದೆ. "ನನ್ನ ಕಣ್ಣಿಗೆ ಏನು ಕಾಣತ್ತೆ? ಬಾಗಿಲ ಕೆಳಗಿನ ಬೆಳಕಲ್ಲಿ ಎರಡು ಕಾಲು ಅಡ್ಡ ಬಂದ ಹಾಗೆ ಇರತ್ತೆ" ಎಂದರು.

ಮೊನ್ನೆ ಸೋಮವಾರ ರಜೆ ಹಾಕಿ ಮನೆಯಲ್ಲೇ ಉಳಿದೆ. ಸಾಧನ ಕಚೇರಿಯ ಕಿಟಕಿಕಟ್ಟೆಯ ಮೇಲಿತ್ತು. ಕನ್ನಡಕದಣ್ಣ ಅದರ ಮುಂದೆ ಕೂತು ನನಗೆ ಫೋನು ಮಾಡಿದರು. ಒಲ್ಲೆ ಎಂದವರನ್ನು ಕಾಡಿ ಬೇಡಿ ಒಪ್ಪಿಸಿದ್ದೆ.

"ಹೊರಟಿತಮ್ಮ" ಎಂದರು. ಆಮೇಲೆ, "ಮೂಲೆ ತಿರುಗ್ತು." ಮತ್ತೆ ಸ್ವಲ್ಪ ಹೊತ್ತಿಗೆ, "ಸೈಕಲ್ ಅಂಗಡಿ." ಅಷ್ಟರಲ್ಲಿ ದೂರದಲ್ಲಿ ಆ ನಾಯಿ ಬೊಗಳಿದ್ದು ನನಗೇ ಕೇಳಿಸಿತು. ಯಾರನ್ನೋ ಹೆದರಿಸುವ ಬೊಗಳಲ್ಲ, ಬಾಲ ಆಡಿಸುವಾಗಿನದು.

"ನಿಮ್ಮ ಬೀದಿ. ಗೇಟು."

ನಾನು ಬಾಗಿಲನ್ನು ಪೂರ್ತಿ ತೆಗೆದು ಅಡ್ಡ ಸರಿದು ನಿಂತೆ. ಬೀದಿಯಲ್ಲಿ ಬಿಸಿಲಿತ್ತು. ಗೇಟು ಮುಚ್ಚಿದ್ದದ್ದು ಮುಚ್ಚಿದ ಹಾಗೇ ಇತ್ತು. ಯಾರೂ ಇರಲಿಲ್ಲ. ಕೋಣೆಯೊಳಗಿಂದ ಅತ್ತೆ, "ಬಂದ್ರು ನೋಡೇ" ಎಂದರು.

"ನಿಂತಿದೆ" ಎಂದರು ಕನ್ನಡಕದಣ್ಣ.

"ಎಲ್ಲಿ?"

"ನಿನ್ನ ಎದುರಿಗೇ."

ಒದ್ದೆ ಉಣ್ಣೆಯ ವಾಸನೆ ಬಂತು. ಬೆಟ್ಟದಿಂದ ಇಳಿದು ಬಂದಾಗ ಅವನ ಟೋಪಿ ಬೀರುತ್ತಿದ್ದ ವಾಸನೆ. ತಂಡದವರು ಅವನನ್ನು ಮೇಕೆ ಎಂದು ಕರೆಯುತ್ತಿದ್ದದ್ದು ಹತ್ತುವುದಕ್ಕೆ ಮಾತ್ರವಲ್ಲ, ಆ ವಾಸನೆಗೂ ಎಂದು ನಾನೇ ರೇಗಿಸುತ್ತಿದ್ದೆ. ನಾನು ಗಾಳಿಯ ಕಡೆ ಕೈ ಚಾಚಿ, "ಬಾರೋ. ಒಳಗೆ ಬಾ, ಕಾಲು ತೊಳಿಯದಿದ್ರೂ ಪರವಾಗಿಲ್ಲ, ಬಾ" ಎಂದೆ. ಅಷ್ಟು ಬೇಡಿಕೊಂಡೆ.

"ಅಲ್ಲಾಡ್ತಾ ಇಲ್ಲಮ್ಮ" ಎಂದರು ಅವರು. ಎಷ್ಟೋ ಹೊತ್ತಾದ ಮೇಲೆ, "ಹಿಂದೆ ತಿರುಗ್ತು. ಹೋಗ್ತಿದೆ" ಎಂದರು.

ಜಿಪಿಎಸ್ ಎಷ್ಟೇ ಒಳ್ಳೆಯದಾದರೂ ಐದಾರು ಹೆಜ್ಜೆ ಹೆಚ್ಚುಕಮ್ಮಿ ತೋರಿಸುತ್ತದೆ, ಬಾಗಿಲಾಚೆ ಈಚೆ ಎಂದು ಹೇಳುವ ಸೂಕ್ಷ್ಮ ಅದಕ್ಕಿಲ್ಲ. ಇದನ್ನು ನಾನೇ ಹೊಸಬರಿಗೆ ಪಾಠ ಹೇಳುತ್ತೇನೆ. ಆದರೂ ಇಷ್ಟು ದಿನದ ಗೆರೆಗಳನ್ನು ಒಂದರ ಮೇಲೊಂದು ಹಾಕಿ ನೋಡಿದೆ. ಒಂದೇ ಒಂದು ಕೂಡ ಬಾಗಿಲು ದಾಟಿಲ್ಲ.

ಮುಖ್ಯಸ್ಥರಿಗೆ ಶನಿವಾರ ಸಂಜೆ ಎಂದು ಮಾತು ಕೊಟ್ಟಿದ್ದೇನೆ. ಅಂದು ಒಳಗಿನ ನೆನಪನ್ನೆಲ್ಲ ಅಳಿಸಿ, ಸಾಧನವನ್ನು ಹೊಸದರಂತೆ ಮಾಡಿ ಆ ಹುಡುಗಿಗೆ ಕೊಡಬೇಕು. ಅಳಿಸದೆ ಬಚ್ಚಿಡಬಹುದು, ಕೆಟ್ಟಿದೆ ಎಂದು ಸುಳ್ಳು ಹೇಳಬಹುದು, ಯೋಚಿಸಿದೆ. ಆದರೆ ಅವಳು ಮೊನ್ನೆ ಸಾಧನವಿಲ್ಲದೆಯೇ ಮಂಜಿನೊಳಗೆ ಹೋಗಿ ಬಂದಳು. ಅವಳಿಗೂ ಒಬ್ಬ ತಾಯಿ ಇದ್ದಾಳೆ. ಅಳಿಸಿದ ಮೇಲೆ ಅದು ಗೂಡು ಕಟ್ಟುತ್ತದೆ ಎಂದು ನನ್ನ ಕೈಗೆ ಗೊತ್ತು. ಗೂಡು ಕಟ್ಟಿತೆಂದರೆ ನಮ್ಮ ಬಾಗಿಲಿಗೆ ಇನ್ನು ಯಾರೂ ಬರುವುದಿಲ್ಲ.

ಚಳಿ ಶುರುವಾಗಿದೆ, ಕಿವಿಗೆ ಸುತ್ತಿಕೊಳ್ಳದೆ ಪಂಪಿನ ಹತ್ತಿರ ನಿಲ್ಲಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ನೂರು ವರ್ಷ ಬಾಳು ಎಂದಿದ್ದಾರೆ, ಜೊತೆಗೆ ಮಂಡಿಗೆ ಎಣ್ಣೆ ತರಬೇಕಂತೆ. ನೀವು ಎಲ್ಲಿದ್ದರೂ ಚೆನ್ನಾಗಿರಿ ಎನ್ನುವುದು ಬಿಟ್ಟು ನನಗೆ ಬೇರೆ ಹಾರೈಕೆ ಬರುವುದಿಲ್ಲ.

ಇಂತಿ,
ನಿಮ್ಮ ಮನೆಯಾಕೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಓದು ಬಿಟ್ಟು ತಂಡ ಸೇರಿದ ದಿನ ನೀವು ಅವನಿಗೆ ಏನೆಂದಿರಿ ಎಂಬುದು ನಿಮಗೆ ನೆನಪಿದೆ. ಆ ಮಾತಿಗೆ ಹೆದರಿಯೇ ನೀವು ಅಷ್ಟು ದೂರ ಹೋಗಿ ಕೂತಿದ್ದೀರಿ ಎಂಬುದು ನನಗೂ ಗೊತ್ತು. "ಆ ಬೆಟ್ಟನೇ ಹೆಚ್ಚಾದ್ರೆ ಅಲ್ಲೇ ಸಾಯಿ, ನಾನು ಕರೆಯೋವರೆಗೂ ಈ ಹೊಸಲು ತುಳೀಬೇಡ" ಎಂದಿರಿ. ಅವನು ನಕ್ಕು ಚೀಲ ಹೆಗಲಿಗೇರಿಸಿ ಹೋದ, ಕೋಪ ಇಳಿದ ಮೇಲೆ ಕರೆದಾರು ಎಂದುಕೊಂಡಿದ್ದ. ನನ್ನ ಕರೆಗೆ ಅವನು ಒಳಗೆ ಬರುವುದಿಲ್ಲ, ಯಾಕೆಂದರೆ ಬೇಡವೆಂದವಳು ನಾನಲ್ಲ. ಹುಟ್ಟಿದಾಗಿನಿಂದ ನಿಮ್ಮ ಒಂದು ಮಾತನ್ನೂ ಕೇಳದವನು ಇದೊಂದನ್ನು ಮಾತ್ರ ಇನ್ನೂ ಕೇಳುತ್ತಿದ್ದಾನೆ. ಶನಿವಾರ ಸಂಜೆಯೊಳಗೆ ಬಂದು, ನೀವೇ ಬಾಗಿಲಲ್ಲಿ ನಿಂತು, ಅವನನ್ನು ಒಳಗೆ ಕರೆಯಿರಿ.