ಬಂಡಿ ಹೊಡೆದವರ ಮುಖ

ಹೈದರಾಬಾದ್
೯ ಅಕ್ಟೋಬರ್ ೧೯೫೬, ಮಂಗಳವಾರ

ದೇವಾಪುರದ ಸುಲ್ತಾನಸಾಬ ಕಾಕಾನವರಿಗೆ ದೇವಿಂದ್ರನ ಶರಣು.

ಎರಡು ತಿಂಗಳು ಪತ್ರ ಹಾಕದೆ ಕೂತದ್ದಕ್ಕೆ ಬೈಯಬೇಡಿ. "ಪಟ್ಟಣದ ನೀರು ಕುಡದು ಸೊಕ್ಕ ಬಂದದ ಇವಗ" ಎಂದು ಅಂದೇ ಇರುತ್ತೀರಿ. ಸೊಕ್ಕಲ್ಲ ಕಾಕಾ, ಹೆದರಿಕೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಚಮನಬೀ ಕಾಕಿಯ ಕೆಮ್ಮು ಇಳಿಯಿತೇ?

ಹೆದರಿಕೆ ನಮ್ಮ ಚಿತ್ರಕಥೆಯದೇ. ರಜಾಕಾರರ ಗಲಾಟೆಯ ವರ್ಷ ನೀವು ನಮ್ಮನ್ನು ಗಡಿಯಾಚೆಯ ತಾಳಿಕೋಟೆಗೆ ದಾಟಿಸಿದ ಕಥೆ. ಬೇಸಿಗೆ ರಜೆಯಲ್ಲಿ ಅದಕ್ಕೆಂದೇ ಎರಡು ಮಧ್ಯಾಹ್ನ ನಿಮ್ಮನ್ನು ಬಂಡಿಯ ಮೇಲೆ ಕೂರಿಸಿ ಮುಖ ಬರೆದುಕೊಂಡೆನಲ್ಲ, "ಮೂಗ ಸಣ್ಣದ ತಗಿಯೋ, ಮುಂದ ಮಂದಿ ನೋಡ್ತಾರ" ಎಂದು ನಕ್ಕಿದ್ದಿರಿ. ನವೆಂಬರ್ ಒಂದಕ್ಕೆ ಕನ್ನಡನಾಡು ಒಂದಾಗುತ್ತದೆ. ಒಂದು ಮಾಸಪತ್ರಿಕೆಯವರು ಅದರ ವಿಶೇಷ ಸಂಚಿಕೆಗೆ ಇದನ್ನು ಒಪ್ಪಿಕೊಂಡಿದ್ದಾರೆ. ಎಂಟು ಹಾಳೆ. ಪೆನ್ಸಿಲ್ ಕೆಲಸ ಮುಗಿದಿದೆ, ಈಗ ಮಸಿ. ಪೆನ್ಸಿಲ್ ಗೆರೆಯನ್ನು ಹತ್ತು ಸಲ ಅಳಿಸಬಹುದು, ಆದರೆ ಅದು ಅಚ್ಚಿಗೆ ಬರುವುದಿಲ್ಲ. ಕಪ್ಪು ಮಸಿಯಲ್ಲಿ ತಿದ್ದಿದ್ದಷ್ಟೇ ಮೂಡುತ್ತದೆ. ಉಸಿರು ಹಿಡಿದು ಒಂದೇ ಎಳೆತದಲ್ಲಿ ಎಳೆಯಬೇಕು ಅನ್ನುತ್ತಾರೆ ನಮ್ಮ ಮೇಷ್ಟ್ರು.

ಎತ್ತುಗಳಿಗೆ ಮಸಿ ಹಾಕಿದೆ, ಗಾಲಿಗೆ ಹಾಕಿದೆ. ಬಂಡಿ ತುಂಬ ಹೇರಿದ ಜೋಳದ ಕಣಿಕೆಗೇ ಎರಡು ದಿನ ಹೋಯಿತು, ದಂಟು ಕಟ್ಟಿದ ಒಂದೊಂದು ಸಿವುಡೂ ಬೇರೆ ಕಾಣಬೇಕು. ಅದರ ಕೆಳಗೆ ಅವ್ವ, ತಂಗಿ ರೇಣಮ್ಮ, ನಾನು. ಮೇಲೆ ನಿಮ್ಮ ನಜೀಮಾ, ಆಗ ಆರು ವರ್ಷದವಳು. ಕೂಸು ಕೂತ ಬಂಡಿಯನ್ನು ಯಾರೂ ತಡಕಾಡುವುದಿಲ್ಲವೆಂದು ನೀವೇ ಎತ್ತಿ ಕೂರಿಸಿದ್ದು. ಗಡಿಯ ನಾಕಾದಲ್ಲಿ ಒಬ್ಬ ರಜಾಕಾರ ಭರ್ಚಿ ಹಿಡಿದು ಕಣಿಕೆ ಚುಚ್ಚಲು ಬಂದ. ಮೇಲೆ ನನ್ನ ಮಗಳಿದ್ದಾಳೆ, ನಿಧಾನ ಎಂದು ನೀವು ಉರ್ದುವಿನಲ್ಲಿ ಅಂದದ್ದು ಒಳಗೆ ನನಗೆ ಕೇಳಿಸಿತು. ಅದೂ ಆಯಿತು, ನಜೀಮಾ ಚೆನ್ನಾಗಿ ಬಂದಿದ್ದಾಳೆ. ಬಂಡಿ ಹೊಡೆಯುವವರ ಮುಖ ಮಾತ್ರ ಎಂಟು ಹಾಳೆಯಲ್ಲೂ ಪೆನ್ಸಿಲಿನಲ್ಲೇ ನಿಂತಿದೆ.

ಕಾರಣ ಅಪ್ಪ. ಹೋದ ವಾರ ಇಲ್ಲಿಗೆ ಬಂದಿದ್ದ. ನವೆಂಬರ್ ಒಂದರಂದು ಸುರಪುರದಲ್ಲಿ ಅವನಿಗೆ ಸನ್ಮಾನವಂತೆ, ತಾನೇ ಬಂಡಿ ಹೊಡೆದು ಹೆಂಡತಿ ಮಕ್ಕಳನ್ನು ದಾಟಿಸಿದ ಧೀರ ಮಲ್ಕಪ್ಪ ಎಂದು. ಅವನು ನಾಲ್ಕು ದಿನ ಮೊದಲೇ ಒಬ್ಬನೇ ತಾಳಿಕೋಟೆ ಸೇರಿಕೊಂಡಿದ್ದು ನಿಮಗೂ ಗೊತ್ತು, ನಮಗೂ ಗೊತ್ತು. ಯಾರೋ ಒಮ್ಮೆ ತಪ್ಪಾಗಿ ಹೊಗಳಿದರು, ಇವನು ಇಲ್ಲ ಅನ್ನಲಿಲ್ಲ. ಆಮೇಲೆ ಅನ್ನಲು ಆಗಲಿಲ್ಲ. ಹಾಳೆಗಳನ್ನು ಬಹಳ ಹೊತ್ತು ನೋಡಿ, "ಮಾರಿಗಿ ಇನ್ನಾ ಮಸಿ ಹಾಕಿಲ್ಲಲ್ಲೋ. ನಂದ ಬರಿ. ಇಲ್ಲಾಂದ್ರ ಊರಾಗ ಹ್ಯಾಂಗ ತಲಿ ಎತ್ತಿ ತಿರುಗ್ಲಿ?" ಎಂದ. ನನಗೆ ಮೈಯೆಲ್ಲ ಉರಿಯಿತು. ಅವನ ಕಣ್ಣಲ್ಲಿ ನೀರು ಬಂದಾಗ ಬೈಯಲೂ ಆಗಲಿಲ್ಲ. ಅವ್ವ ಅವನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದ್ದಳು: "ಯಾರ ಹೊಡದ್ರೇನು, ನಾವು ಉಳದೇವಲ್ಲ." ಆ ಕಣಿಕೆಯ ಕೆಳಗೆ ಮಲಗಿದ್ದವಳೇ ಹೀಗಂದರೆ ನಾನು ಇನ್ನು ಯಾರನ್ನು ಕೇಳಲಿ?

ನಿಮ್ಮನ್ನೇ ಕೇಳುತ್ತಿದ್ದೇನೆ. ಹದಿನೇಳರೊಳಗೆ ಹಾಳೆಗಳು ಅಂಚೆಗೆ ಬೀಳಬೇಕು. ಒಂದು ಕಾರ್ಡು ಹಾಕಿಸಿ. ನಿಮ್ಮ ಮುಖವೇ ಇರಲಿ ಅಂದರೆ ಇರುತ್ತದೆ, ಅಪ್ಪ ಮಾತು ಬಿಟ್ಟರೂ ಚಿಂತೆಯಿಲ್ಲ.

ಕಾಕಿಗೆ ಶರಣು ತಿಳಿಸಿ. ನಿಮ್ಮ ದುವಾ ನನ್ನ ಮೇಲಿರಲಿ.

ನಿಮ್ಮ
ದೇವಿಂದ್ರ

ತಾ.ಕ.: ತಂಗಿ ನಜೀಮಾ, ಕಾಕಾಗೆ ಪತ್ರ ಓದಿ ಹೇಳುವವಳು ನೀನೇ. ಇದೊಂದನ್ನು ಮೊದಲು ಮನಸ್ಸಿನಲ್ಲೇ ಓದಿಕೋ. ನಾನು ಮೇಲೆ ಕೇಳಿದ್ದು ಸುಳ್ಳು. ಹಾಳೆಗಳು ನಿನ್ನೆಯೇ ಅಂಚೆಗೆ ಹೋದವು. ಎಂಟರಲ್ಲೂ ಅಪ್ಪನ ಮುಖವಿದೆ. ಚಿತ್ರದಲ್ಲಿ ಅಪ್ಪ ಬಂಡಿ ಹೊಡೆದ ಮೇಲೆ ಕಣಿಕೆಯ ಮೇಲೆ ನೀನು ಕೂರಲು ಕಾರಣವೇ ಉಳಿಯಲಿಲ್ಲ. ನಿನಗೆ ಮಸಿ ಹಾಕಿಯಾಗಿತ್ತು. ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಅಲ್ಲೂ ಕಣಿಕೆ ಬರೆದೆ. ಕಾಕಾನ ಮನಸ್ಸು ದೊಡ್ಡದು, "ಮಲ್ಕಪ್ಪಂದ ಹಾಕೋ" ಎಂದೇ ನಿನ್ನ ಕೈಯಲ್ಲಿ ಬರೆಸುತ್ತಾರೆ ಎಂದು ಗೊತ್ತು. ಕಾಕಾನೇ ಒಪ್ಪಿದರು ಅನ್ನಿಸಿಕೊಳ್ಳಲು ಆ ಕಾರ್ಡಿನ ಆಸೆಗೇ ಈ ಪತ್ರ ಬರೆದೆ. ಅವರು ಹೇಳಿದರೂ ನೀನು ಬರೆಯಬೇಡ.