ಬೀಗ ಹಾಕಿದ ನೆಲದ ಹೊಣೆ ಯಾರದು?

ಮಾನ್ಯ ಮುಖ್ಯ ಎಂಜಿನಿಯರರೇ,

ನಿಮ್ಮ ತಿರುವನಂತಪುರದ ಕಚೇರಿಯ ಗುಮಾಸ್ತ ಜೋಸೆಫರ ಸೊಂಟನೋವು ಹೇಗಿದೆ? ಲೆಕ್ಕ ವಿಭಾಗದ ನಿಶಾಳ ಮಗುವಿಗೆ ಜ್ವರ ಬಿಟ್ಟಿತೇ? ನಿಮ್ಮ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು ಕೂತು ಇವರೆಲ್ಲ ನನಗೆ ಮನೆಯವರಂತಾಗಿದ್ದಾರೆ. ನಿಮ್ಮ ಕ್ಷೇಮ ಮಾತ್ರ ತಿಳಿಯದು; ಹೋದಾಗಲೆಲ್ಲ ಮೀಟಿಂಗಿನಲ್ಲಿರುತ್ತೀರಿ. ನೀವೂ ನಮ್ಮ ಕಾಸರಗೋಡಿನ ಕಡೆಯವರೆಂದು ಕೇಳಿ, ಕೊಚ್ಚಿಯ ಕನ್ನಡ ಸಂಘದ ಪತ್ರಿಕೆಯಲ್ಲಿ ಎಲ್ಲರ ಎದುರೇ ಬರೆಯುತ್ತಿದ್ದೇನೆ.

ಕೊಚ್ಚಿಯ ಪಕ್ಕದ ಏಲೂರಿನಲ್ಲಿ ನಿಮ್ಮ ಇಲಾಖೆಯ ಗೋದಾಮನ್ನು ಗುತ್ತಿಗೆಗೆ ಕಟ್ಟುತ್ತಿರುವ ನನ್ನ ತಮ್ಮ ಅನಂತರಾಮ, ನೀವು ಕೊಟ್ಟ ಮಣ್ಣುಪರೀಕ್ಷೆಯ ವರದಿಯಲ್ಲಿ ‘ಗಟ್ಟಿ ನೆಲ’ ಎಂದಿದ್ದನ್ನು ನಂಬಿದ. ಅಗೆದರೆ ಸಿಕ್ಕಿದ್ದು ಯಾರೋ ಎಂದೋ ಮುಚ್ಚಿದ ಕೊಳ. ಅಡಿಪಾಯ ಎರಡು ಪಟ್ಟು ಆಳಕ್ಕೆ ಹೋಯಿತು. ನಿಮ್ಮ ಎಂಜಿನಿಯರೇ ಎದುರು ನಿಂತು ಮಾಡಿಸಿದರು. ಬಿಲ್ಲು ಕೊಟ್ಟಾಗ, ಹೆಚ್ಚುವರಿ ಆಳಕ್ಕೆ ಹಣವಿಲ್ಲ ಎಂದಿರಿ. ನೆಲವನ್ನು ಸ್ವತಃ ಪರಿಶೀಲಿಸಿ ತೃಪ್ತನಾಗಿದ್ದೇನೆಂದು ಅವನು ಸಹಿ ಹಾಕಿದ್ದಾನಂತೆ.

ಹಾಕಿದ್ದಾನೆ, ನಿಜ. ಹಾಕದವನ ಟೆಂಡರನ್ನು ನೀವು ಮುಟ್ಟುತ್ತೀರಾ? ಅವನು ನೆಲ ನೋಡಲು ಹೋದ ದಿನ ಗೇಟಿಗೆ ನಿಮ್ಮದೇ ಬೀಗ. ಕಂಬಿಗಳ ಸಂದಿಯಿಂದ ಹುಲ್ಲು ನೋಡಿ ಬಂದ. ಹುಲ್ಲಿನ ಮಟ್ಟಿಗೆ ಅವನು ಇವತ್ತಿಗೂ ತೃಪ್ತನೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೊಮ್ಮಗಳಿಂದ ಇಂಗ್ಲಿಷ್ ಬಿಡಿಸಿಕೊಂಡು ನಿಮ್ಮ ಕರಾರು ಓದಿದೆ. ವರದಿ ಕೊಡುವವರು ನೀವು. ಅದನ್ನು ನಂಬಬಾರದೆಂದು ಕರಾರಿನ ಕೊನೆಯ ಪುಟಗಳಲ್ಲಿ ಬರೆಯುವವರೂ ನೀವೇ. ಹಾಗಾದರೆ ಕೊಟ್ಟದ್ದೇಕೆ? ಅಪಾಯವನ್ನೆಲ್ಲ ದರದಲ್ಲೇ ಸೇರಿಸಬೇಕಿತ್ತು ಎನ್ನುತ್ತೀರಿ. ಹಾಗೆ ಸೇರಿಸಿದವನ ದರ ಏರುತ್ತದೆ. ಅಂಥವನಿಗೆ ನೀವು ಎಂದಾದರೂ ಕೆಲಸ ಕೊಟ್ಟದ್ದುಂಟೇ?

“ಚೇಚಿ, ನೆಲದ ಕೆಳಗೆ ಏನಿದ್ರೂ ಕಾಂಟ್ರಾಕ್ಟರದ್ದೇ ಹೊಣೆ,” ಎಂದರು ಜೋಸೆಫ್, ಮೆತ್ತಗೆ. ಅವರಿಗೆ ನಾನು ಚೇಚಿ, ಅಂದರೆ ಅಕ್ಕ; ನನಗೆ ಅವರು ಮೋನ್, ಮಗನಂತೆ.

“ನಿಧಿ ಸಿಕ್ಕಿದ್ರೂ ಅವನಿಗೇ ಕೊಡ್ತೀರಾ ಮೋನೇ?”

ಅವರು ಕರಾರಿನ ಪುಟ ತಿರುವಿ ನೋಡಿದರು. “ಇಲ್ಲ ಚೇಚಿ. ನಿಧಿ ಸಿಕ್ಕಿದ್ರೆ ಅದು ಇಲಾಖೆಗೆ.”

ನಿಧಿ ನಿಮಗೆ, ಕೆಸರು ನಮಗೆ. ಇದಕ್ಕೆ ಕರಾರು ಎಂದು ಹೆಸರು.

ಈಗ ಕೆಲಸ ನಿಲ್ಲಿಸಿದರೆ ಕಪ್ಪುಪಟ್ಟಿ ಎಂದು ನಿಮ್ಮ ನೋಟಿಸು ಬಂದಿದೆ. ಮುಂದುವರಿಸೋಣವೆಂದರೆ ಸಿಮೆಂಟಿನವರು ಸಾಲ ಕೊಡುತ್ತಿಲ್ಲ. ಅನಂತರಾಮನ ಊಟ ನಿದ್ದೆ ಎರಡೂ ಹೋಗಿವೆ.

ನಾನು ಕೇಳುವುದು ದಾನವಲ್ಲ. ನಿಮ್ಮವರೇ ಅಳೆದ ಆಳಕ್ಕೆ ಹಣ ಕೊಡಿ, ನೋಟಿಸು ಹಿಂತೆಗೆಯಿರಿ, ನೆಲ ನೋಡಿ ತೃಪ್ತನಾದೆ ಎನ್ನಿಸುವ ಆ ಷರತ್ತನ್ನು ಮುಂದಿನ ಕರಾರಿನಿಂದ ತೆಗೆಯಿರಿ. ಅನುಮಾನವಿದ್ದರೆ ಒಮ್ಮೆ ಏಲೂರಿಗೆ ಬನ್ನಿ. ಗೇಟು ಈಗ ತೆರೆದೇ ಇದೆ. ಬರಲಾಗದಿದ್ದರೆ ಎರಡು ಸಾಲಾದರೂ ಬೇಗ ಬರೆಯಿರಿ. ತಮ್ಮನಿಗೆ ಓದಿ ಹೇಳಬೇಕು.

ಇಂತಿ,
ಭೂಮಿಯೊಳಗಿನದೆಲ್ಲ ಮೊದಲೇ ತಿಳಿದಿರಬೇಕಿದ್ದವನ ಅಕ್ಕ,
ಕಮಲಾಕ್ಷಿ